ಮಾಲೂರಿನ ಮಿಲ್ಲು ಮತ್ತು ಮೂರು ಒತ್ತು

ನಿವೃತ್ತಿಯಾದ ಮೇಲೆ ಕೋಲಾರದ ಒಂದು ಪಾಲಿಟೆಕ್ನಿಕ್‌ನವರು ಎರಡು ಸಲ ಕರೆದು ನನ್ನಿಂದ ಮಾತಾಡಿಸಿದರು. ಎರಡು ಸಲವೂ ಮುಖ್ಯವಾದದ್ದನ್ನು ಬಿಟ್ಟು ಬೇರೆಲ್ಲ ಹೇಳಿ ಬಂದೆ. ಮಕ್ಕಳು ಚಪ್ಪಾಳೆ ತಟ್ಟಿದರು, ಹೂವಿನ ಹಾರ ಹಾಕಿದರು. ಮನೆಗೆ ಬಂದು ಹಾರ ತೆಗೆದಿಟ್ಟಾಗ ಇವರಿಗೆ ಏನೂ ಹೇಳಲಿಲ್ಲವಲ್ಲ ಅನ್ನಿಸಿತು. ಆ ಒಂದು ಸಂಗತಿಯನ್ನು ಬಾಯಲ್ಲಿ ಹೇಳಲು ಹೋದರೆ ಬೇರೆ ಮಾತಿಗೆ ಜಾರಿಬಿಡುತ್ತೇನೆ. ಬರೆಯುವುದಾದರೆ ನಡುವೆ ಎದ್ದು ಹೋಗಿ ನೀರು ಕುಡಿದು ಬರಬಹುದು. ಯಂತ್ರ ನಡೆಸುವ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಈಗ ಸೇರುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಬಿ.ಎಸ್ಸಿ. ಗಣಿತ ಮುಗಿಸಿ ನಾನು ಸೇರಿದ್ದು ಕೋಲಾರದ ಒಂದು ಚಿಕ್ಕ ಕಂಪನಿಗೆ. ಕ್ಲಾಕ್ ಟವರ್ ಹತ್ತಿರ ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ. ಮೈಕ್ರೋ ಕಂಪ್ಯೂಟರ್ ಎಂಬುದು ಜಿಲ್ಲೆಗೆ ಆಗ ತಾನೇ ಬರುತ್ತಿತ್ತು. ಹಸಿರು ಅಕ್ಷರದ ಪರದೆ, ಎರಡು ಫ್ಲಾಪಿ ಹಾಕುವ ಬಾಯಿ, ಟಕಟಕ ಎನ್ನುವ ಭಾರದ ಕೀಬೋರ್ಡ್. ಅದನ್ನು ಹಾಲಿನ ಸಂಘಗಳಿಗೆ, ಮಂಡಿಗಳಿಗೆ, ಸಣ್ಣ ಕಾರ್ಖಾನೆಗಳಿಗೆ ಕೊಟ್ಟು, ಅವರಿಗೆ ಬೇಕಾದ ಪ್ರೋಗ್ರಾಮನ್ನು ಪ್ಯಾಸ್ಕಲ್ ಭಾಷೆಯಲ್ಲಿ ಬರೆದುಕೊಡುವುದು ನಮ್ಮ ವ್ಯಾಪಾರ. ಬರೆಯುವವರು ಶ್ರೀಧರಮೂರ್ತಿ ಸಾರ್. ಬರೆದದ್ದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ, ಕೂರಿಸಿ, ಕಲಿಸಿ, ಬೈಸಿಕೊಂಡು ಬರುವವಳು ನಾನು. ಮುಳಬಾಗಿಲಿನ ಆಚೆ ತಾಯಲೂರಿನವರೆಗೂ ಫ್ಲಾಪಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗಿದ್ದೇನೆ. ಅದೇನು ಊಟದ ಡಬ್ಬಿಯೇ ಎಂದು ಕಂಡಕ್ಟರ್ ಕೇಳಿದರೆ ಹೌದು ಎನ್ನುತ್ತಿದ್ದೆ. ವಿವರಿಸುವ ಶಕ್ತಿ ಇರುತ್ತಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಸುಗಟೂರಿನ ಕಡೆಯ ಒಂದು ಹಾಲಿನ ಸಂಘದಲ್ಲಿ. ಆಗ ನಮ್ಮ ಪ್ರೋಗ್ರಾಮುಗಳು ಏನು ಕೇಳಿದರೂ ಉತ್ತರ ಟೈಪ್ ಮಾಡಿ ಎಂಟರ್ ಒತ್ತಬೇಕಿತ್ತು. ಅಲ್ಲಿನ ಕಾರ್ಯದರ್ಶಿ ಹಿರಿಯರು. ಒಂದು ಎಂಬ ಅಂಕಿ ಒತ್ತಿ ಕೈ ಕಟ್ಟಿ ಕೂತುಬಿಡುತ್ತಿದ್ದರು. ಹಿಂದೆ ಹಾಲಿನ ಕ್ಯಾನ್ ಹಿಡಿದವರು ಸಾಲಾಗಿ ನಿಂತಿರುತ್ತಿದ್ದರು.

"ಒಂದು ಅಂತ ಒತ್ತಿದೀನಲ್ಲಮ್ಮ. ಮತ್ತೆ ಇನ್ನೊಂದ್ ಯಾಕೆ ಒತ್ಬೇಕು?"

"ಅದು ಎಂಟರ್ ಸಾರ್. ನೀವು ಹೇಳಿ ಮುಗೀತು ಅಂತ ಅದಕ್ಕೆ ಗೊತ್ತಾಗೋಕೆ."

"ನಾನು ಮುಗಿಸಿದ್ದು ಅದಕ್ಕೆ ಕಾಣ್ಸಲ್ವಾ? ಎದುರುಗಡೇನೇ ಕೂತಿದೀನಿ."

ಇದನ್ನು ಬಂದು ಹೇಳಿದಾಗ ಮೂರ್ತಿ ಸಾರ್ ನಗಲಿಲ್ಲ. ಕನ್ನಡಕ ತೆಗೆದು, ಊದಿ, ಒರೆಸಿ, ಮತ್ತೆ ಹಾಕಿಕೊಂಡರು. ಅವರು ಯೋಚಿಸುವ ರೀತಿ ಅದು. ಪ್ಯಾಸ್ಕಲ್‌ನಲ್ಲಿ ರೀಡ್‌ಕೀ ಎಂದು ಒಂದಿದೆ. ಒಂದು ಕೀ ಒತ್ತಿದೊಡನೆ, ಎಂಟರಿಗೆ ಕಾಯದೆ, ಆ ಅಕ್ಷರವನ್ನು ತಂದುಕೊಡುತ್ತದೆ. ಸಾರ್ ಆ ವಾರವೇ ಎಲ್ಲ ಪ್ರೋಗ್ರಾಮುಗಳನ್ನೂ ರೀಡ್‌ಕೀಗೆ ತಿರುಗಿಸಿದರು. ಒಂದು ಒತ್ತು, ಒಂದು ಕೆಲಸ. ಕಾರ್ಯದರ್ಶಿಗಳು ಒತ್ತಿದರು, ಕೆಲಸ ಆಯಿತು. "ಈಗ ಬುದ್ಧಿ ಬಂತು ನೋಡು ಇದಕ್ಕೆ" ಅಂದರು.

ಎರಡನೆಯ ಪೆಟ್ಟು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ. ತೂಕ ಹಾಕಿ ಹೆಸರು ಆರಿಸಿದರೆ ಚೀಟಿ ಅಚ್ಚಾಗುವ ಪ್ರೋಗ್ರಾಮ್. ಅಚ್ಚಿಗೆ ಪಿ ಅಕ್ಷರ. ಮಂಡಿಯ ಯಜಮಾನರು ಮುಂದಿನ ಹೆಸರಿಗೆ ಹೋಗೋಣವೆಂದು ಕೆಳಮುಖದ ಬಾಣದ ಕೀ ಒತ್ತಿದರೆ ಪ್ರಿಂಟರ್ ಬಡಬಡ ಎಂದು ಚೀಟಿ ಉಗುಳತೊಡಗಿತು. ಒಂದು ಒತ್ತಿಗೆ ಒಂದು ಚೀಟಿ. ಲಾರಿಗಳು ಬಂದು ನಿಂತಿವೆ, ಮಾವಿನ ಸೊನೆಯ ವಾಸನೆ, ನೊಣ, ಕೂಗಾಟ. ಯಜಮಾನರು ಎದ್ದು ನಿಂತು ತೆಲುಗಿನಲ್ಲಿ ಕೂಗಿದರು: "ಏಂದಮ್ಮಾ ಇದಿ, ದಯ್ಯಂ ಪಟ್ಟಿಂದಾ?" ದೆವ್ವ ಹಿಡಿದಿದೆಯೇ ಎಂದು. ಹಮಾಲಿಗಳೆಲ್ಲ ಬಂದು ಮುತ್ತಿಕೊಂಡರು.

ದೆವ್ವವಲ್ಲ. ಸಾಮಾನ್ಯ ಕೀ ಒಂದು ಅಕ್ಷರ ಕಳಿಸುತ್ತದೆ. ಬಾಣದಂಥ ವಿಶೇಷ ಕೀಗಳು ಎರಡು ಕಳಿಸುತ್ತವೆ: ಮೊದಲು ಒಂದು ಸೊನ್ನೆ, ಆಮೇಲೆ ಒಂದು ಅಕ್ಷರ. ಕೆಳಬಾಣದ ಎರಡನೆಯ ಅಕ್ಷರ ಪಿ. ನಮ್ಮ ಪ್ರೋಗ್ರಾಮ್ ಸೊನ್ನೆಯನ್ನು ಕಸವೆಂದು ಬಿಟ್ಟು, ಹಿಂದೆ ಬಂದ ಪಿಯನ್ನು ಅಪ್ಪಣೆಯೆಂದು ತಿಳಿದಿತ್ತು. ಸಾರ್ ಅದನ್ನು ಸರಿಮಾಡಿದರು. ಸರಿಮಾಡಿ ಪೂರ್ತಿ ಧೈರ್ಯಕ್ಕೆ ಬಂದರು. "ಮನುಷ್ಯ ತಪ್ಪು ಮಾಡ್ತಾನೆ ಕಣಮ್ಮ, ಲೂಪ್ ಮಾಡಲ್ಲ" ಎನ್ನುವುದು ಅವರ ಮಾತು; ಪ್ರೋಗ್ರಾಮ್ ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡುವುದಕ್ಕೆ ಲೂಪ್ ಎನ್ನುತ್ತಾರೆ. ಆಫೀಸಿನ ಗೋಡೆಗೆ ಬರೆಸಬೇಕೆಂದು ನಾನು ತಮಾಷೆ ಮಾಡುತ್ತಿದ್ದೆ.

ಇನ್ನೊಂದು ಗುಣವನ್ನೂ ಅವರು ಬಹಳ ಮೆಚ್ಚಿ ತೋರಿಸಿದ್ದರು. ಪ್ರೋಗ್ರಾಮ್ ಬೇರೇನೋ ಕೆಲಸದಲ್ಲಿ ಮುಳುಗಿರುವಾಗ ಕೀ ಒತ್ತಿದರೆ ಅದು ಕಳೆದುಹೋಗುವುದಿಲ್ಲ. ಒಳಗೆ ಒಂದು ಸಾಲಿನಲ್ಲಿ ಹೋಗಿ ನಿಲ್ಲುತ್ತದೆ. ಪ್ರೋಗ್ರಾಮ್ ಬಿಡುವಾಗಿ ರೀಡ್‌ಕೀ ಅಂದಾಗ ಸಾಲಿನ ಮುಂದಿರುವುದು ಒಳಗೆ ಹೋಗುತ್ತದೆ. ಹದಿನೈದು ಒತ್ತುಗಳಿಗೆ ಜಾಗ. ಅದಕ್ಕಿಂತ ಹೆಚ್ಚು ಒತ್ತಿದರೆ ಕಂಪ್ಯೂಟರ್ ಕೀಂ ಎಂದು ಸಣ್ಣದಾಗಿ ಕಿರುಚುತ್ತದೆ, ಹೊಟ್ಟೆ ತುಂಬಿತು ಎನ್ನುವಂತೆ. ವೇಗದ ಟೈಪಿಸ್ಟಿನ ಒಂದಕ್ಷರವೂ ನಷ್ಟವಾಗಬಾರದೆಂದು ಮಾಡಿದ ಏರ್ಪಾಟು. "ಎಷ್ಟು ತಾಳ್ಮೆ ನೋಡು ಇದಕ್ಕೆ" ಅಂದಿದ್ದರು ಸಾರ್. ನನಗೂ ಚೆಂದ ಕಂಡಿತ್ತು.

ಮಾಲೂರಿಗೆ ಬರುತ್ತೇನೆ.

ಅಲ್ಲಿನ ಒಂದು ಹೆಂಚಿನ ಕಾರ್ಖಾನೆಯವರು ಮಣ್ಣು ಕಲೆಸುವ ಮಿಲ್ಲಿಗೆ ಕಂಪ್ಯೂಟರ್ ಬೇಕೆಂದರು. ಆಳೆತ್ತರದ ಕಬ್ಬಿಣದ ತೊಟ್ಟಿ, ನಡುವೆ ಅಡ್ಡಲಾಗಿ ದಪ್ಪ ದಂಡ, ದಂಡದ ಸುತ್ತ ಅಲಗುಗಳು. ಮೇಲಿನಿಂದ ಹೆಂಗಸರು ಕೆರೆಮಣ್ಣು ಸುರಿಯುತ್ತಾರೆ, ನೀರು ಬೀಳುತ್ತದೆ, ದಂಡ ತಿರುಗಿ ಮಣ್ಣನ್ನು ಹದಕ್ಕೆ ತಂದು ಕೆಳಗಿನ ಬಾಯಿಂದ ತಳ್ಳುತ್ತದೆ. ಒಂದೊಂದು ಕೆರೆಯ ಮಣ್ಣು ಒಂದೊಂದು ತರ. ನೀರು ಹೆಚ್ಚು ಕಡಿಮೆಯಾದರೆ ಹೆಂಚು ಸೊಟ್ಟಗಾಗುತ್ತದೆ, ಗೂಡಿನಲ್ಲಿ ಸೀಳುತ್ತದೆ. ಒಂದು ಸಲ ಕಲೆಸಿ ಮುಗಿಸುವುದಕ್ಕೆ ಅಲ್ಲಿ ಒಂದು ಹದ ಎನ್ನುತ್ತಾರೆ. ಪ್ರತಿ ಹದಕ್ಕೂ ಅಷ್ಟೇ ನೀರು, ಅಷ್ಟೇ ಹೊತ್ತು ಇರಬೇಕೆಂಬುದು ಯಜಮಾನರ ಆಸೆ.

ಸಾರ್ ಬರೆದದ್ದು ಸರಳ. ಎಸ್ ಒತ್ತಿದರೆ ಮೊದಲು ನೀರಿನ ವಾಲ್ವ್ ತೆರೆಯುತ್ತದೆ. ಒಣಮಣ್ಣಿಗೆ ಅಲಗು ಸಿಕ್ಕಿಬೀಳಬಾರದೆಂದು ಸ್ವಲ್ಪ ಹೊತ್ತು ಬರೀ ನೀರು. ಆಮೇಲೆ ಮೋಟರು. ಗೊತ್ತಾದ ಹೊತ್ತು ತಿರುಗಿ ನಿಲ್ಲುತ್ತದೆ. ನಿಂತ ಮೇಲೆ ಇಂಥ ಹದ ಮುಗಿಯಿತೆಂದು ಪ್ರಿಂಟರಿನಲ್ಲಿ ಒಂದು ಸಾಲು. ಅದಾದ ಮೇಲೆ ಮತ್ತೆ ರೀಡ್‌ಕೀ, ಮುಂದಿನ ಒತ್ತಿಗೆ ಕಾಯುವುದು. ಮಿಲ್ಲು ತಿರುಗುವಾಗ ಪ್ರೋಗ್ರಾಮ್ ಕೀಬೋರ್ಡನ್ನು ನೋಡುವುದೇ ಇಲ್ಲ. ನಡುವೆ ಯಾರೂ ಕೈಹಾಕಬಾರದು ಎಂಬುದು ಸಾರ್ ವಿಚಾರ. ತುರ್ತಿಗೆ ಗೋಡೆಯ ಮೇಲೆ ಹಳೆಯ ಕಬ್ಬಿಣದ ಮೇನ್ ಸ್ವಿಚ್ ಇದ್ದೇ ಇತ್ತು.

ಮಿಲ್ಲು ನಡೆಸುತ್ತಿದ್ದವರು ಖಾದರ್ ಸಾಬರು. ಮಾಲೂರಿನವರೇ, ಕೈ ಬೆರಳೆಲ್ಲ ಗ್ರೀಸು. ಕಂಪ್ಯೂಟರ್ ಬರುವ ಮುಂಚೆ ಅವರ ಕ್ರಮ ಹೀಗಿತ್ತು: ಮಿಲ್ಲಿನ ಪಕ್ಕ ಸರಪಳಿಗೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿದ್ದರು. ಶುರುಮಾಡುವ ಮುಂಚೆ ಸುತ್ತಿಗೆಯಿಂದ ಅದಕ್ಕೆ ಮೂರು ಏಟು. ಸುತ್ತಲಿದ್ದವರೆಲ್ಲ ದೂರ ಸರಿಯುತ್ತಿದ್ದರು. ಆಮೇಲೆ ಸ್ವಿಚ್ ಎತ್ತುವುದು. ಅವರ ತಂದೆಯೂ ಅದೇ ಮಿಲ್ಲಿನಲ್ಲಿ ಹಾಗೆಯೇ ಬಡಿಯುತ್ತಿದ್ದರಂತೆ. ಮಿಲ್ಲಿನೊಳಗೆ ಇಳಿದು ಅಲಗಿಗೆ ಅಂಟಿದ ಮಣ್ಣನ್ನು ಕೆರೆಯುವ ಕೆಲಸ ಮುನಿರಾಜುವಿನದು. ಬಾಯಿ ಜಾಸ್ತಿ, ಹಾಡು ಜಾಸ್ತಿ. ಖಾದರ್ ಸಾಬರಿಗೂ ಅವನಿಗೂ ದಿನವೆಲ್ಲ ಜಗಳ, ಊಟ ಒಟ್ಟಿಗೆ.

ಧೂಳು ಬೀಳಬಾರದೆಂದು ಕಂಪ್ಯೂಟರಿಗೆ ಗಾಜಿನ ಕೋಣೆ ಕಟ್ಟಿಸಿದರು. ಖಾದರ್ ಸಾಬರನ್ನು ಅದರೊಳಗೆ ಕುರ್ಚಿಯ ಮೇಲೆ ಕೂರಿಸಿ ನಾನು ಕಲಿಸಿದೆ.

"ಇದು ಎಸ್, ಸಾಬ್ರೇ. ಇದನ್ನ ಒತ್ತಿದ್ರೆ ಮಿಲ್ಲು ಶುರು."

"ಅಷ್ಟೇನಾ, ಟೀಚರಮ್ಮ?" ಓದಿದ ಹೆಂಗಸೆಂದರೆ ಅವರಿಗೆ ಟೀಚರೇ. "ಸುತ್ತಿಗೆ ನಕ್ಕೋ?"

"ಸುತ್ತಿಗೆ ಬೇಡ. ಬೆರಳು ಸಾಕು."

ಗಾಜಿನಾಚೆಯಿಂದ ಮುನಿರಾಜು ಕೂಗಿದ: "ಭಾಯ್ ಈಗ ಸಾಹೇಬ್ರು ಆಗ್ಬಿಟ್ರು! ಕುರ್ಚಿ ಬಂತು, ನಾಳೆ ಫ್ಯಾನು!"

"ಲೇ ರಾಜು, ನೀನು ಒಳಗಿಳಿ, ನಿನಗೂ ಗಾಳಿ ಬರೋ ಹಂಗೆ ಮಾಡ್ತೀನಿ" ಅಂದರು ಖಾದರ್ ಸಾಬರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆಡಿದ್ದು ನಿಜ, ಇರಲಿ.

ಒಂದು ಸಂಗತಿ ನಮಗೆ ಯಾರಿಗೂ ತಿಳಿಯಲಿಲ್ಲ. ನಾವು ಹೋದ ಮೇಲೆ ಖಾದರ್ ಸಾಬರು ಎಸ್ ಕೀಯನ್ನು ಮೂರು ಸಲ ಒತ್ತುತ್ತಿದ್ದರು. ಕಂಬಿಗೆ ಮೂರು ಏಟು ಹಾಕಿ ರೂಢಿಯಾದ ಕೈ. ಸುತ್ತಿಗೆ ಬೇಡ ಎಂದೆವು, ಏಟು ಬೇಡ ಎಂದು ಹೇಳಲಿಲ್ಲ. ಕಂಬಿಯ ಜಾಗಕ್ಕೆ ಕೀ ಬಂದಿದೆ ಎಂದು ಅವರು ತಿಳಿದರು. ಮೊದಲ ಒತ್ತಿಗೆ ಮಿಲ್ಲು ಶುರುವಾಗುತ್ತಿತ್ತು. ಉಳಿದ ಎರಡು ಒತ್ತು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದವು. ಮೊದಲ ಹದ ಮುಗಿದು, ಪ್ರಿಂಟರ್ ಒಂದು ಸಾಲು ಬರೆದು, ಪ್ರೋಗ್ರಾಮ್ ರೀಡ್‌ಕೀ ಎಂದರೆ ಎಸ್ ಸಿದ್ಧವಾಗಿರುತ್ತಿತ್ತು. ಮಿಲ್ಲು ತಾನೇ ಮತ್ತೆ ಶುರು. ಅದು ಮುಗಿದರೆ ಮೂರನೆಯದು. ಮೂರು ಏಟಿಗೆ ಮೂರು ಹದ. ಇದು ಕಂಪ್ಯೂಟರಿನ ಕ್ರಮ ಎಂದೇ ಎಲ್ಲರೂ ತಿಳಿದರು. ಯಜಮಾನರಿಗಂತೂ ಹಿಗ್ಗು. ಫೋನಿನಲ್ಲಿ ಸಾರ್ "ಎಲ್ಲಾ ಸರಿಯಾಗಿ ನಡೀತಿದ್ಯಾ?" ಎಂದರೆ "ಬಹಳ ಸರಿಯಾಗಿದೆ" ಎಂಬ ಉತ್ತರ.

ಹದಗಳ ನಡುವೆ ಮಿಲ್ಲು ಸ್ವಲ್ಪ ನಿಲ್ಲುವುದು ಪ್ರಿಂಟರ್ ಒಂದು ಸಾಲು ಬರೆಯುವಷ್ಟು ಹೊತ್ತು ಮಾತ್ರ. ಮೂರೂ ಮುಗಿದ ಮೇಲೆ ಪೂರ್ತಿ ನಿಲ್ಲುತ್ತಿತ್ತು. ಆಗ ಮುನಿರಾಜು ಒಳಗಿಳಿದು ಕೆರೆಯುತ್ತಿದ್ದ. ಎಷ್ಟನೆಯ ಹದ ಎಂದು ಯಾರೂ ಎಣಿಸುತ್ತಿರಲಿಲ್ಲ. ಗಳಿಗೆ ನಿಂತರೆ ಇನ್ನೂ ಇದೆ, ನಿಂತೇ ಇದ್ದರೆ ಮುಗಿದಿದೆ. ಎಷ್ಟೋ ದಿನ ಆ ಗುರುತು ತಪ್ಪಲಿಲ್ಲ.

ಆವತ್ತು ಸಾರೂ ನಾನೂ ಮಾಮೂಲಿ ತಪಾಸಣೆಗೆಂದು ಹೋಗಿದ್ದೆವು. ಪ್ರಿಂಟರಿನ ರಿಬ್ಬನ್ನು, ಕಾಗದದ ಹೊಸ ಕಟ್ಟು ನನ್ನ ಚೀಲದಲ್ಲಿ. ಬೆಳಿಗ್ಗೆಯ ಹೊತ್ತು, ಬಿಸಿಲು ಹೆಂಚಿನ ಸಾಲುಗಳ ಮೇಲೆ ಬಿದ್ದಿತ್ತು. ಮಿಲ್ಲು ಓಡುತ್ತಿತ್ತು. ಗಾಜಿನ ಕೋಣೆಯಲ್ಲಿ ಜಾಗ ಸಾಲದೆಂದು ಖಾದರ್ ಸಾಬರು ಎದ್ದು ಬಾಗಿಲಲ್ಲಿ ನಿಂತರು. ಸಾರ್ ಕುರ್ಚಿಯಲ್ಲಿ. ನಾವು ಬಂದಿದ್ದು ಒಳ್ಳೆಯದಾಯಿತೆಂದು ಯಜಮಾನರು ಟೀ ಹೇಳಿಕಳಿಸಿದರು.

ಮಿಲ್ಲು ನಿಂತಿತು. ಟೀ ಬಂತು. ಕುಡಿದೆವು. ಮಿಲ್ಲು ನಿಂತೇ ಇತ್ತು. ಹೊರಗೆ ಮುನಿರಾಜು ಹಾಡುತ್ತಾ ಕೆರೆಯುವ ಕಬ್ಬಿಣ ತೆಗೆದುಕೊಂಡು ತೊಟ್ಟಿ ಹತ್ತಿದ್ದನ್ನು ನಾನು ನೋಡಿದೆ. ನೋಡಿದೆ ಎಂದರೆ ಗಾಜಿನಾಚೆ ಯಾರೋ ಹೋದರು ಎನ್ನುವಷ್ಟು. ತೊಟ್ಟಿಯ ಗೋಡೆ ಎತ್ತರ. ಒಳಗಿಳಿದವರು ಕೋಣೆಯಿಂದ ಕಾಣುವುದಿಲ್ಲ.

ಆಗ ಪ್ರಿಂಟರಿನ ಮೇಲೆ ಕೆಂಪು ದೀಪ ಉರಿಯುತ್ತಿರುವುದು ಕಣ್ಣಿಗೆ ಬಿತ್ತು.

"ಸಾರ್, ಪೇಪರ್ ಮುಗಿದಿದೆ" ಅಂದೆ.

"ಹಾಕಮ್ಮ ಮತ್ತೆ."

ಚೀಲದಿಂದ ಹೊಸ ಕಟ್ಟು ತೆಗೆದೆ. ಅಂಚಿನ ತೂತುಗಳನ್ನು ಹಲ್ಲುಗಳಿಗೆ ಕೂರಿಸಿದೆ. ಒಂದು ಕಡೆ ಸೊಟ್ಟಗಿತ್ತು, ತೆಗೆದು ಮತ್ತೆ ಕೂರಿಸಿದೆ. ಬಟನ್ ಒತ್ತಿದೆ. ಕೆಂಪು ದೀಪ ಆರಿತು. ಟರ್ ಎಂದು ಪ್ರಿಂಟರ್ ಒಂದು ಸಾಲು ಬರೆಯಿತು. ನಾನು ಬಗ್ಗಿ ಓದಿದೆ. ಎರಡನೆಯ ಹದ ಮುಗಿಯಿತೆಂದು ಬರೆದಿತ್ತು.

ಪ್ರೋಗ್ರಾಮ್ ಇಷ್ಟು ಹೊತ್ತೂ ಕಾಗದಕ್ಕಾಗಿ ಕಾಯುತ್ತಿತ್ತು. ಮೂರನೆಯ ಎಸ್ ಇನ್ನೂ ಸಾಲಿನಲ್ಲಿ ನಿಂತಿತ್ತು. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ನನಗೆ ತಿಳಿದದ್ದು ನೀರಿನ ಸದ್ದು ಮಾತ್ರ. ಮಿಲ್ಲಿನ ಮೇಲಿನ ಪೈಪಿನಿಂದ ನೀರು ಸುರಿಯತೊಡಗಿತು.

"ಲೇ, ಯಾವನ್ಲಾ ಅದು ನೀರು ಬಿಟ್ಟೋನು!" ತೊಟ್ಟಿಯೊಳಗಿಂದ ಮುನಿರಾಜು ಕಿರುಚಿದ. "ಸಾಬ್ರೇ, ಬೆಳಿಗ್ಗೇನೇ ಸ್ನಾನ ಆಗೈತಪ್ಪಾ ನಂದು!"

ಮಣ್ಣು ಹೊರುವ ಹೆಂಗಸರು ನಕ್ಕುಬಿಟ್ಟರು. ಬಾಗಿಲಲ್ಲಿದ್ದ ಖಾದರ್ ಸಾಬರೂ ನಗಲು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿಯಿತು. ನೀರಿನ ಹಿಂದೆ ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು. "ಹತ್ತೋ! ಲೇ ರಾಜು, ಮೇಲಕ್ಕೆ ಹತ್ತೋ!" ಎಂದು ಕೂಗುತ್ತಾ ಓಡಿದರು. ಮೇನ್ ಸ್ವಿಚ್ಚಿರುವ ಗೋಡೆಗೆ ಮೊದಲಾದರೆ ಕೈಚಾಚಿದರೆ ಸಾಕಿತ್ತು. ಈಗ ಗಾಜಿನ ಕೋಣೆಯನ್ನೂ ಮಿಲ್ಲನ್ನೂ ಸುತ್ತಿ ಹೋಗಬೇಕು.

ಸಾರ್ ಎಸ್ಕೇಪ್ ಕೀ ಒತ್ತಿದರು. ಮತ್ತೆ ಒತ್ತಿದರು. ಪ್ರೋಗ್ರಾಮ್ ಕೀಬೋರ್ಡ್ ನೋಡುತ್ತಿಲ್ಲ ಎಂದು ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೆ. ಆದರೂ ಒತ್ತಿದರು, ಹೆಬ್ಬೆರಳಿನಿಂದ, ಆಮೇಲೆ ಮುಷ್ಟಿಯಿಂದ. ಖಟ್ ಎಂದು ಮೋಟರು ಹಿಡಿಯಿತು. ಕಂಪ್ಯೂಟರ್ ಕೀಂ ಕೀಂ ಕೀಂ ಎಂದು ಕಿರುಚತೊಡಗಿತು. ಸಾಲು ತುಂಬಿತ್ತು. ಒತ್ತಿದ ಒಂದೊಂದು ಎಸ್ಕೇಪಿಗೂ ಒಂದೊಂದು ಕಿರುಚು. ನಾನು ಕಾಗದದ ಕಟ್ಟನ್ನು ಎದೆಗೆ ಅವಚಿಕೊಂಡು ನಿಂತಿದ್ದೆ.

ನೀರು ಬಿಟ್ಟವರನ್ನು ಬೈಯಲೆಂದು ಮುನಿರಾಜು ಆಗಲೇ ತೊಟ್ಟಿಯ ಅಂಚು ಹಿಡಿದು ಎದ್ದಿದ್ದ. ಸಾಬರ ಕೂಗಿಗೆ ಇನ್ನಷ್ಟು ಮೇಲೆ ಬಂದ. ಸೊಂಟದವರೆಗೆ ಹೊರಗೆ. ಒಂದು ಕಾಲು ಅಂಚಿನ ಮೇಲೆ, ಇನ್ನೊಂದು ಒಳಗೆ. ಅವನ ಮುಖ ನನಗೆ ಆಗ ಕಂಡಿತು. ಜಗಳಕ್ಕೆ ಸಿದ್ಧವಾದ ಮುಖ. ಅದು ಬದಲಾದದ್ದನ್ನೂ ಕಂಡೆ.

ಖಾದರ್ ಸಾಬರು ಸ್ವಿಚ್ಚಿಗೆ ಜೋತುಬಿದ್ದಂತೆ ಎಳೆದರು. ಮಿಲ್ಲು ನಿಂತಿತು. ಕಂಪ್ಯೂಟರ್ ನಿಲ್ಲಲಿಲ್ಲ, ಅದಕ್ಕೆ ಬೇರೆ ಲೈನು. ಹಸಿರು ಪರದೆಯ ಮೇಲೆ ಹದ ನಡೆಯುತ್ತಿದೆ ಎಂದೇ ಇತ್ತು.

ಮುನಿರಾಜು ಉಳಿದ. ಒಳಗಿದ್ದ ಕಾಲಿನ ಹಿಮ್ಮಡಿಯ ಮೇಲೆ ಮೂಳೆ ಮುರಿದಿತ್ತು, ಮಾಂಸ ಕಿತ್ತಿತ್ತು. ಮೊದಲು ಮಾಲೂರಿನ, ಆಮೇಲೆ ಕೋಲಾರದ ಆಸ್ಪತ್ರೆ. ಬಹಳ ಕಾಲ ಹಾಸಿಗೆಯಲ್ಲಿದ್ದ. ಆಮೇಲೆ ನಡೆದ, ಎಳೆದುಕೊಂಡು.

ಮಾರನೆಯ ದಿನ ಯಜಮಾನರು ಎಲ್ಲರನ್ನೂ ಕರೆಸಿದರು. ಅವರ ಪ್ರಶ್ನೆ ಒಂದೇ. ಕೀ ಒತ್ತಿದವರು ಯಾರು?

"ನಾನು ಒತ್ತಿದ್ದು ಮುಂಚೆ, ಯಜಮಾನ್ರೇ. ಇವರು ಬರೋ ಮುಂಚೆ" ಅಂದರು ಖಾದರ್ ಸಾಬರು. "ಆ ಹೊತ್ತಲ್ಲಿ ಬಾಗಿಲಲ್ಲಿದ್ದೆ. ಅಲ್ಲಾಹ್ ಮೇಲಾಣೆ."

"ಮುಂಚೆ ಒತ್ತಿದ್ದಕ್ಕೆ ಈಗ ಶುರುವಾಗತ್ತೇನ್ರಿ? ಯಾರಿಗೆ ಕಥೆ ಹೇಳ್ತೀರಾ?"

ನಾನು ಬಾಗಿಲಲ್ಲಿ ಅವರನ್ನು ನೋಡಿದ್ದೇನೆ ಎಂದೆ. ಹಾಗಾದರೆ ಕುರ್ಚಿಯಲ್ಲಿದ್ದ ನಿಮ್ಮ ಸಾರೇ ಒತ್ತಿರಬೇಕಲ್ಲ ಎಂದರು ಯಜಮಾನರು. ಮೂರ್ತಿ ಸಾರ್ ರಾತ್ರಿ ನಿದ್ದೆ ಮಾಡಿರಲಿಲ್ಲ. ಖಾದರ್ ಸಾಬರ ಕಡೆ ತಿರುಗಿ, "ಎಷ್ಟು ಸಲ ಒತ್ತಿದ್ರಿ?" ಎಂದು ಕೇಳಿದರು.

"ಮೂರು. ಯಾವಾಗ್ಲೂ ಮೂರೇ ಅಲ್ವಾ ಸಾರ್?"

ಸಾರ್ ಕನ್ನಡಕ ತೆಗೆದರು. ಊದಲಿಲ್ಲ, ಒರೆಸಲಿಲ್ಲ. ಮಿಲ್ಲಿನ ಬೆಲ್ಟು ಬಿಚ್ಚಿಸಿ, ಮೋಟರ್ ಬರಿದೇ ತಿರುಗುವಂತೆ ಮಾಡಿಸಿದರು. ಎಲ್ಲರ ಎದುರು ಎಸ್ ಕೀಯನ್ನು ಮೂರು ಸಲ ಒತ್ತಿ, ಕೋಣೆಯಿಂದ ಹೊರಗೆ ಬಂದು, ಯಜಮಾನರ ಪಕ್ಕ ಕೈ ಕಟ್ಟಿ ನಿಂತರು. ನಾನು ಪ್ರಿಂಟರಿನ ಕಾಗದ ತೆಗೆದಿದ್ದೆ. ಮೊದಲ ಹದ ಮುಗಿದು ಮೋಟರ್ ನಿಂತಿತು. ಎಲ್ಲರೂ ನಿಂತೇ ಇದ್ದೆವು. ಆಮೇಲೆ "ಹಾಕಮ್ಮ" ಎಂದರು. ಕಾಗದ ಹಾಕಿದೆ. ಸಾಲು ಬಿತ್ತು, ನೀರು ಬಂತು, ಕೋಣೆಯಲ್ಲಿ ಕೀ ಮುಟ್ಟುವವರು ಯಾರೂ ಇಲ್ಲದೆ ಮೋಟರ್ ತಿರುಗಿತು.

"ತಪ್ಪು ಅವರದಲ್ಲ" ಎಂದರು ಸಾರ್. "ನಾನು ಬರೆದದ್ದು."

ಮೇಲಿನವರು ಹೀಗೆ ಹೇಳಿದ್ದನ್ನು ನಾನು ಕಂಡದ್ದು ಆ ಒಂದು ಸಲ. ಖಾದರ್ ಸಾಬರ ಕೆಲಸ ಉಳಿಯಿತು. ಲೂಪಿನ ಬಗೆಗಿನ ಆ ಮಾತನ್ನು ಸಾರ್ ಮತ್ತೆಂದೂ ಆಡಲಿಲ್ಲ.

ಪ್ರೋಗ್ರಾಮಿಗೆ ಸೇರಿಸಿದ್ದು ಮುಖ್ಯವಾಗಿ ಒಂದು ಸಾಲು. ಮಿಲ್ಲಿಗೆ ಅಪ್ಪಣೆ ಕೇಳುವ ಮುಂಚೆ, ಕೀಗಳ ಸಾಲಿನಲ್ಲಿ ಏನಾದರೂ ನಿಂತಿದ್ದರೆ ಒಂದೊಂದಾಗಿ ತೆಗೆದು ಎಸೆ, ಖಾಲಿಯಾಗುವವರೆಗೆ. ಪ್ಯಾಸ್ಕಲ್‌ನಲ್ಲಿ ಒಂದು ವೈಲ್, ಒಂದು ಕೀಪ್ರೆಸ್ಡ್, ಒಂದು ರೀಡ್‌ಕೀ. ಅದರ ಜೊತೆಗೆ, ಮಿಲ್ಲು ತಿರುಗುವಾಗಲೂ ನಡುನಡುವೆ ಕೀಬೋರ್ಡ್ ನೋಡಿ, ಯಾವ ಕೀ ಒತ್ತಿದರೂ ನಿಲ್ಲುವಂತೆ ಮಾಡಿದರು. ಮೇನ್ ಸ್ವಿಚ್ಚನ್ನು ಕೋಣೆಯ ಬಾಗಿಲ ಪಕ್ಕಕ್ಕೆ ತರಿಸಿದರು.

ಇಲ್ಲಿಗೆ ಮುಗಿಯಿತೆಂದು ನೀವು ತಿಳಿಯಬಹುದು. ಕೆಲಸದಲ್ಲಿ ಯಾವುದೂ ಹಾಗೆ ಮುಗಿಯುವುದಿಲ್ಲ. ಕೆಲವು ವಾರ ಕಳೆದ ಮೇಲೆ ಯಜಮಾನರಿಂದ ನಮ್ಮ ಕಂಪನಿಯ ಮಾಲೀಕರಿಗೆ ಫೋನು ಬಂತು. ಮುಂಚೆ ಒಂದು ಸಲಕ್ಕೆ ಮೂರು ಹದ ತಾನಾಗೇ ಆಗುತ್ತಿತ್ತು, ಈಗ ಒಂದೊಂದಕ್ಕೂ ಬಂದು ಒತ್ತಬೇಕು, ಕೆಲಸ ನಿಧಾನ, ನೀವು ಮಿಷಿನ್ನನ್ನು ಕೆಡಿಸಿದ್ದೀರಿ. ಮೊದಲಿನಂತೆ ಮಾಡಿಕೊಡಿ. ಮಾಲೀಕರು ಮೂರ್ತಿ ಸಾರ್‌ಗೆ ಹೇಳಿದರು. ಸಾರ್ ಆಗುವುದಿಲ್ಲವೆಂದರು. ಮಾಲೀಕರು ನನ್ನನ್ನು ಕರೆದು, ಹೋಗಿ ಆ ಸಾಲು ತೆಗೆದು ಬಾ ಎಂದರು. ಇಲ್ಲದಿದ್ದರೆ ಗಿರಾಕಿ ಹೋಗುತ್ತಾರೆ, ಅವರ ಹಿಂದೆ ಮಾಲೂರಿನ ಉಳಿದ ಕಾರ್ಖಾನೆಗಳೂ ಹೋಗುತ್ತವೆ.

ಬಸ್ಸಿನಲ್ಲಿ ಮಡಿಲ ಮೇಲಿನ ಫ್ಲಾಪಿ ಡಬ್ಬಿಯಲ್ಲಿ ಎರಡೂ ಇದ್ದವು: ಆ ಸಾಲು ಇರುವ ಪ್ರೋಗ್ರಾಮ್, ಇಲ್ಲದ ಪ್ರೋಗ್ರಾಮ್. ಯಾವುದನ್ನು ಹಾಕುತ್ತೇನೆಂದು ಮಾಲೂರು ಬರುವವರೆಗೂ ನನಗೆ ಗೊತ್ತಿರಲಿಲ್ಲ. ನಿಮಗೆ ಸುಳ್ಳು ಹೇಳಿ ಏನಾಗಬೇಕು.

ಮಿಲ್ಲಿನ ಹತ್ತಿರ ರೈಲು ಕಂಬಿ ಮತ್ತೆ ಸರಪಳಿಯಲ್ಲಿ ನೇತಾಡುತ್ತಿತ್ತು. ಖಾದರ್ ಸಾಬರು ಅದಕ್ಕೆ ಸುತ್ತಿಗೆಯಿಂದ ಮೂರು ಏಟು ಹಾಕಿ, ಸುಮ್ಮನೆ ನಿಂತರು. ಮುನಿರಾಜುವಿನ ಜಾಗಕ್ಕೆ ಬಂದಿದ್ದ ಆಳು ಎಲ್ಲಿಂದಲೋ "ಹೊರಗಿದೀನಿ!" ಎಂದು ಕೂಗಿದ. ಆಮೇಲೆ ಸಾಬರು ಕೋಣೆಗೆ ನಡೆದುಬಂದು ಕೀ ಒತ್ತಿದರು. ಒಂದೇ ಸಲ. ಮಿಲ್ಲು ಮುಗಿದು ನಿಂತಿತು. ಮತ್ತೆ ಹೊರಗೆ ಹೋಗಿ ಮೂರು ಏಟು, ಮತ್ತೆ ಕೂಗು, ಮತ್ತೆ ಒಳಗೆ. ವಯಸ್ಸಾಗಿತ್ತು. ಮಂಡಿ ಹಿಡಿದುಕೊಂಡು ನಡೆಯುತ್ತಿದ್ದರು.

ನಾನು ಬಂದ ವಿಷಯ ಹೇಳಿದೆ.

"ಯಜಮಾನ್ರಿಗೆ ನಾನೇ ಹೇಳ್ತೀನಿ ಟೀಚರಮ್ಮ. ನಡೆದ್ರೆ ನೋವು ನನ್ನ ಕಾಲಿಗೆ. ಒಳಗಿಳಿಯೋನ ಕಾಲಿಗಲ್ಲ."

ಹೋಗಿ ಹೇಳಿದರು. ನಾನೂ ಜೊತೆಗೆ ಹೋದೆ. ಯಜಮಾನರು ಬಹಳ ಹೊತ್ತು ಕೂಗಾಡಿದರು. ಖಾದರ್ ಸಾಬರು ತಲೆಬಗ್ಗಿಸಿ ಕೇಳಿ, ಕೊನೆಗೆ, "ತೆಗೀರಿ ಯಜಮಾನ್ರೇ. ತೆಗೆದ ದಿನ ಒತ್ತೋಕೆ ಬೇರೆ ಬೆರಳು ನೋಡ್ಕೊಳ್ಳಿ" ಎಂದರು. ಅಷ್ಟೇ. ಆ ಸಾಲು ಉಳಿಯಿತು. ನಮ್ಮ ಕಂಪನಿಗೆ ಮಾಲೂರಿನ ಬೇರೆ ಕಾರ್ಖಾನೆ ಯಾವುದೂ ಸಿಗಲಿಲ್ಲ. ಮೂರ್ತಿ ಸಾರ್ ಸ್ವಲ್ಪ ಕಾಲದ ಮೇಲೆ ಕೆಲಸ ಬಿಟ್ಟು ಊರಿಗೆ ಹೋಗಿ ಟ್ಯೂಷನ್ ಹೇಳಿಕೊಂಡಿದ್ದರು. ಗಣಿತ ಮಾತ್ರ, ಕಂಪ್ಯೂಟರ್ ಅಲ್ಲ.

ಆಮೇಲೆ ನಾನು ಬೇರೆ ಬೇರೆ ಕಡೆ ದುಡಿದೆ. ಪ್ಯಾಸ್ಕಲ್ ಹೋಯಿತು, ಬೇರೆ ಭಾಷೆಗಳು ಬಂದವು. ಕೀಬೋರ್ಡ್ ಹೋಗಿ ಬೆರಳು ಸವರುವ ಗಾಜು ಬಂತು. ಎಲ್ಲಿಗೆ ಹೋದರೂ ಶುರುಮಾಡುವ ಅಪ್ಪಣೆಯ ಮುಂಚೆ ಸಾಲು ಖಾಲಿ ಮಾಡುವ ಕೆಲಸವನ್ನು ಬರೆಯುತ್ತಿದ್ದೆ. ಮೇಲಿನವರು ಅಳಿಸುತ್ತಿದ್ದರು, ನಾನು ಮತ್ತೆ ಬರೆಯುತ್ತಿದ್ದೆ. ನಿವೃತ್ತಿಗೆ ಮುಂಚೆ ಅಶ್ವಿನಿ ಎಂಬ ಹೊಸ ಎಂಜಿನಿಯರ್ ನನ್ನ ಕೈಕೆಳಗೆ ಬಂದಳು. ಚುರುಕು ಹುಡುಗಿ. ಒಂದು ದಿನ ಬಂದು, "ಮೇಡಂ, ಈ ಲೈನ್ ಟೆಸ್ಟಲ್ಲಿ ಒಂದು ಸಲಾನೂ ಏನೂ ಮಾಡ್ಲಿಲ್ಲ. ತೆಗೀಲಾ?" ಎಂದಳು.

"ಏನೂ ಮಾಡಲ್ಲ, ಹೌದು" ಎಂದೆ. "ಬಿಡು ಅದನ್ನ."

ಕಾರಣ ಕೇಳಿದಳು. ಟೀ ಕುಡಿಯುತ್ತಾ ಹೇಳೋಣವೆಂದು ಹೊರಗೆ ಕರೆದುಕೊಂಡು ಹೋದೆ. ಟೀ ಕುಡಿದೆವು. ಹೇಳಲಾಗಲಿಲ್ಲ. ಅವಳು ಇದನ್ನು ಓದಿದರೆ ಇದೇ ಕಾರಣ.

ತಪ್ಪು ಇಂಥದೇ ಎಂದು ಬೆರಳಿಟ್ಟು ತೋರಿಸಲಾರೆ. ಆ ಬೆಳಿಗ್ಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಕಂಬಿ ಬಡಿದವರು ಜನ ದೂರವಿರಲೆಂದು ಬಡಿಯುತ್ತಿದ್ದರು. ಸಾಲು ಕಟ್ಟಿದವರು ಅಕ್ಷರ ಕಳೆಯದಿರಲೆಂದು ಕಟ್ಟಿದರು. ನೀರು ಮೊದಲು ಬರಲೆಂದು ಸಾರ್ ಬರೆದದ್ದು ಅಲಗು ಉಳಿಯಲೆಂದು; ಉಳಿದದ್ದು ಮುನಿರಾಜು. ಇದನ್ನು ಎಷ್ಟು ಸಲ ಜೋಡಿಸಿ ನೋಡಿದರೂ ನೀರಿನ ಸದ್ದಿಗೂ ಮೋ​ಟರಿನ ಸದ್ದಿಗೂ ನಡುವಿನ ಆ ಗಳಿಗೆ ದೊಡ್ಡದಾಗುವುದಿಲ್ಲ.

ಮೊನ್ನೆ ಕೋಲಾರದಲ್ಲಿ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಏನೋ ಅಚ್ಚು ಹಾಕಲು ಹೊರಟಳು, ಪ್ರಿಂಟರ್ ನಿಂತುಬಿಟ್ಟಿತು. ಅವಳು ಕೀಯನ್ನು ಒಂದರ ಮೇಲೊಂದು ಒತ್ತತೊಡಗಿದಳು.

"ಸ್ವಲ್ಪ ತಡಿಯಮ್ಮಾ" ಎಂದೆ. ಧ್ವನಿ ಜೋರಾಯಿತೋ ಏನೋ, ಅಕ್ಕಪಕ್ಕದವರು ತಿರುಗಿ ನೋಡಿದರು.

ಅವಳು ನಕ್ಕಳು. "ಏನಿಲ್ಲ ಆಂಟಿ, ಪೇಪರ್ ಮುಗಿದಿದೆ, ಅಷ್ಟೇ."

ಹೊಸ ಕಾಗದ ತೆಗೆದು ಹಾಕತೊಡಗಿದಳು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಬೆಂಚಿನ ಮೇಲೆ ಮೂರು ನಾಲ್ಕು ಜನ ಕೂತಿದ್ದರು. ಎಲ್ಲರ ಕಾಲೂ ನೆಲದ ಮೇಲಿತ್ತು.